ಬಳ್ಳಾರಿಯ ಬರ, ಬ್ರಿಲ್ಲಿನ ರೈಲು

ಲಂಡನ್ ನಗರಕ್ಕೆ ಹೋಗಿಬಂದವರು ಅಲ್ಲಿಯ ಭೂಗರ್ಭ ರೈಲಿನ ವಿಷಯ ಹೇಳದೆ ಬಿಡುವುದಿಲ್ಲ. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ ವರೆಗೆ ಆರಂಭವಾದ ಆ ರೈಲು ಜಗತ್ತಿನಲ್ಲಿಯೇ ಮೊದಲನೆಯದು. ಅದನ್ನು ಕಟ್ಟಿದ ಕಂಪೆನಿಯ ಹೆಸರು ಮೆಟ್ರೊಪಾಲಿಟನ್ ರೈಲ್ವೆ. ಇಂದು ನಮ್ಮ ಬೆಂಗಳೂರಿನ ಮಕ್ಕಳೂ ಆಡುವ ‘ಮೆಟ್ರೋ’ ಎಂಬ ಮಾತಿನ ಬೇರು ಆ ಹೆಸರಿನಲ್ಲಿದೆ ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಆ ಮಹಾಜಾಲದ ತುತ್ತತುದಿಯಲ್ಲಿ, ನಗರದಿಂದ 40 ಮೈಲಿಗೂ ಹೆಚ್ಚು ದೂರದಲ್ಲಿ, ಹುಲ್ಲುಗಾವಲುಗಳ ನಡುವೆ ಒಂದು ನಿಲ್ದಾಣವಿತ್ತು; ಅದರ ಹೆಸರು ಬ್ರಿಲ್. 1935ರ ನವೆಂಬರ್ 30ರ ರಾತ್ರಿ ಅದರ ದೀಪ ಆರಿತು, ಮತ್ತೆ ಹತ್ತಲಿಲ್ಲ.

ಮುಚ್ಚಿಹೋದ ನಿಲ್ದಾಣಗಳು ಲೋಕದಲ್ಲಿ ಎಷ್ಟೋ ಇವೆ. ಅವುಗಳಲ್ಲಿ ಇದೊಂದನ್ನೇ ಹುಡುಕಿಕೊಂಡು ನಾವು ಹೋದುದಕ್ಕೆ ಕಾರಣವುಂಟು. ಈ ರೈಲನ್ನು ತನ್ನ ಸ್ವಂತ ಭೂಮಿಯಲ್ಲಿ ಹಾಕಿಸಿದ ಶ್ರೀಮಂತನೇ ಮುಂದೆ ಮದರಾಸಿನ ಗವರ್ನರನಾಗಿ ಬಂದನು. ಆಗ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ಹಿರಿಯರು ‘ಧಾತು ಈಶ್ವರ ಬರ’ ಎಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮವು ಬಿದ್ದುದು ಅವನ ಆಳ್ವಿಕೆಯಲ್ಲಿಯೇ. ಅಲ್ಲಿ ಒಂದು ಹಳ್ಳಿಗೆ ರೈಲು ಕೊಟ್ಟವನು ಇಲ್ಲಿ ಹಸಿದ ಲಕ್ಷಾಂತರ ಜನರಿಗೆ ಏನು ಕೊಟ್ಟನು, ಏನು ಕೊಡಲಾರದೆ ಹೋದನು ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿತ್ತು.

ಊರು ಮತ್ತು ದಾರಿ

ಬ್ರಿಲ್ ಗ್ರಾಮವು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿ, ಆಕ್ಸ್‌ಫರ್ಡ್‌ಶೈರಿನ ಗಡಿಯ ಸಮೀಪದಲ್ಲಿದೆ. ಲಂಡನ್ನಿನ ಮೇರಿಲ್‌ಬೋನ್ ನಿಲ್ದಾಣದಿಂದ ಐಲ್ಸ್‌ಬರಿಯ ಕಡೆಗೆ ಹೋಗುವ ರೈಲನ್ನು ಹಿಡಿದು, ಅಲ್ಲಿಂದ ಮುಂದೆ ಮೋಟಾರಿನಲ್ಲಿ ಹೋಗಬೇಕು. ನಮ್ಮನ್ನು ಕರೆದುಕೊಂಡು ಹೋದವರು ಅಲ್ಲಿಯೇ ನೆಲೆಸಿರುವ ನಮ್ಮ ಬಂಧುಗಳ ಮನೆಯವರು. ‘ಅಲ್ಲಿ ನೋಡುವುದಕ್ಕೆ ಏನೂ ಇಲ್ಲವಲ್ಲ, ದೊಡ್ಡಪ್ಪ’ ಎಂದು ಅವರ ಮಗ ದಾರಿಯುದ್ದಕ್ಕೂ ಹೇಳುತ್ತಲೇ ಬಂದನು. ಏನೂ ಇಲ್ಲದಿರುವುದನ್ನೇ ನೋಡಬೇಕೆಂದು ಬಂದಿದ್ದೇವೆ ಎಂದು ನಾವು ಉತ್ತರ ಕೊಟ್ಟೆವು.

ಸುತ್ತಲೂ ಸಮತಟ್ಟಾದ ಹಸಿರು ಬಯಲು. ನಡುವೆ ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಊರು. ಬ್ರಿಲ್ ಎಂಬ ಹೆಸರಿನ ಅರ್ಥವೂ ವಿನೋದವಾಗಿದೆ. ‘ಬ್ರೆ’ ಎಂದರೆ ಅಲ್ಲಿಯ ಪ್ರಾಚೀನ ಕೆಲ್ಟಿಕ್ ಭಾಷೆಯಲ್ಲಿ ಗುಡ್ಡ. ‘ಹಿಲ್’ ಎಂದರೆ ಆಮೇಲೆ ಬಂದವರ ಆಂಗ್ಲ ಭಾಷೆಯಲ್ಲಿ ಗುಡ್ಡ. ಎರಡೂ ಕೂಡಿ ‘ಗುಡ್ಡಗುಡ್ಡ’ ಎಂದಾಯಿತು. ಊರ ಹೊರಗಿನ ಗೋಮಾಳದಲ್ಲಿ 1680ರ ದಶಕದ ಮರದ ಗಾಳಿಗಿರಣಿಯೊಂದು ಇಂದಿಗೂ ನಿಂತಿದೆ. ಅದರ ಸುತ್ತಲಿನ ನೆಲವೆಲ್ಲ ತಗ್ಗು ದಿನ್ನೆ. ನೂರಾರು ವರ್ಷ ಇಟ್ಟಿಗೆಗಾಗಿ, ಮಡಕೆಗಾಗಿ ಜೇಡಿಮಣ್ಣು ಅಗೆದು ತೆಗೆದ ಗುರುತುಗಳು ಅವು. ಕುಂಬಾರರೂ ಇಟ್ಟಿಗೆ ಸುಡುವವರೂ ದುಡಿದು ಬದುಕಿದ ಊರು ಇದೆಂಬುದನ್ನು ಆ ನೆಲವೇ ಹೇಳುತ್ತದೆ.

ನಿಲ್ದಾಣವಿದ್ದುದು ಊರಿನಲ್ಲಲ್ಲ, ಗುಡ್ಡದ ಕೆಳಗೆ. ರೈಲು ಗುಡ್ಡ ಹತ್ತುವ ಶಕ್ತಿಯುಳ್ಳದ್ದಾಗಿರಲಿಲ್ಲ. ಆದುದರಿಂದ ಊರವರು ಇಳಿದು ಬಂದು ರೈಲು ಹತ್ತಬೇಕಾಗಿತ್ತು, ಹಿಂದಿರುಗಿದಾಗ ಗಂಟು ಹೊತ್ತು ಏರಿಹೋಗಬೇಕಾಗಿತ್ತು. ನಮ್ಮ ಎಷ್ಟೋ ಊರುಗಳ ‘ರೋಡ್’ ನಿಲ್ದಾಣಗಳಲ್ಲಿ ಇಳಿದು ಮೈಲಿಗಟ್ಟಲೆ ನಡೆದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಲದ ಮನೆತನ, ಸ್ವಂತದ ರೈಲು

ಈ ಸೀಮೆಯ ಒಡೆಯರು ಬಕಿಂಗ್‌ಹ್ಯಾಮ್ ಡ್ಯೂಕರ ಮನೆತನದವರು. ಒಂದು ಕಾಲಕ್ಕೆ ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಕುಟುಂಬಗಳಲ್ಲಿ ಎಣಿಕೆಯಾಗುತ್ತಿದ್ದ ಮನೆತನವದು. ಎರಡನೆಯ ಡ್ಯೂಕನು ಹತ್ತು ಲಕ್ಷ ಪೌಂಡುಗಳಿಗೂ ಮಿಕ್ಕ ಸಾಲ ಮಾಡಿ ದಿವಾಳಿಯೆದ್ದನು. 1848ರಲ್ಲಿ ಸ್ಟೋ ಅರಮನೆಯ ಚಿತ್ರಪಟ, ಪೀಠೋಪಕರಣ, ಪಾತ್ರೆಪಡಗಗಳೆಲ್ಲ 40 ದಿನಗಳ ಕಾಲ ಹರಾಜಾದವು. ಅಪ್ಪನ ದುಂದಿನ ಫಲವನ್ನು ಮಗ ಉಣ್ಣಬೇಕಾಯಿತು. ಆ ಮಗನೇ ಮೂರನೆಯ ಡ್ಯೂಕ್, 1823ರಲ್ಲಿ ಹುಟ್ಟಿದ ರಿಚರ್ಡ್ ಗ್ರೆನ್‌ವಿಲ್.

ಇವನು ತಂದೆಯಂತಲ್ಲ. ದುಡಿದು ಸಾಲ ತೀರಿಸಬೇಕೆಂದು ಹಟ ತೊಟ್ಟವನು. 1853ರಿಂದ 1861ರವರೆಗೆ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಎಂಬ ದೊಡ್ಡ ರೈಲ್ವೆ ಕಂಪೆನಿಯ ಅಧ್ಯಕ್ಷನಾಗಿದ್ದು ರೈಲಿನ ವ್ಯವಹಾರವನ್ನು ಚೆನ್ನಾಗಿ ಅರಿತನು. 1868ರಲ್ಲಿ ಐಲ್ಸ್‌ಬರಿಯಿಂದ ಬಕಿಂಗ್‌ಹ್ಯಾಮ್ ಕಡೆಗೆ ಹೋಗುವ ರೈಲುದಾರಿ ಇವನ ಪ್ರಯತ್ನದಿಂದ ಸಿದ್ಧವಾಯಿತು. ಆ ದಾರಿಯಲ್ಲಿ ಇವನ ಜಹಗೀರಿಗೆ ಹತ್ತಿರವಿದ್ದ ನಿಲ್ದಾಣ ಕ್ವೇನ್ಟನ್ ರೋಡ್. ಅಲ್ಲಿಂದ ತನ್ನ ವಾಟನ್ ಮನೆಯ ಹೊಲಗದ್ದೆಗಳವರೆಗೆ ಒಂದು ಸಣ್ಣ ರೈಲು ಹಾಕಿದರೆ ಬೆಳೆದುದನ್ನು ಪೇಟೆಗೆ ಕಳುಹಿಸಬಹುದು, ಕಲ್ಲಿದ್ದಲು ಗೊಬ್ಬರಗಳನ್ನು ತರಿಸಬಹುದು ಎಂಬುದು ಅವನ ಯೋಚನೆ.

ಆ ದೇಶದಲ್ಲಿ ಆಗ ರೈಲು ಹಾಕುವುದಕ್ಕೆ ಪಾರ್ಲಿಮೆಂಟಿನ ಕಾಯಿದೆಯೇ ಆಗಬೇಕಾಗಿತ್ತು. ಪರರ ಭೂಮಿಯನ್ನು ವಶಪಡಿಸಿಕೊಳ್ಳುವುದಕ್ಕೆ ಬೇರೆ ದಾರಿಯಿರಲಿಲ್ಲ. ಆದರೆ ಇಲ್ಲಿ ಭೂಮಿಯೆಲ್ಲ ಬಹುಮಟ್ಟಿಗೆ ಡ್ಯೂಕನದೇ, ಉಳಿದವರು ಒಪ್ಪಿಗೆ ಕೊಟ್ಟವರು. ಕಾಯಿದೆಯ ಗೊಡವೆಯಿಲ್ಲದೆ, ಜಹಗೀರಿನ ಕೂಲಿಯಾಳುಗಳನ್ನೇ ಹಚ್ಚಿ, ಅತ್ಯಂತ ಅಗ್ಗವಾಗಿ ಕಂಬಿ ಹಾಕಿಸಿದನು. ಗಾಡಿ ಎಳೆಯುವ ಕುದುರೆಗಳ ಕಾಲು ತೊಡರಬಾರದೆಂದು ಮರದ ತೊಲೆಗಳನ್ನು ಅಡ್ಡಲಾಗಿ ಹಾಕದೆ ಕಂಬಿಯ ಉದ್ದಕ್ಕೆ ಹಾಸಿದರು. 1871ರ ಏಪ್ರಿಲ್ 1ರಂದು ಮೊದಲ ಭಾಗ ತೆರೆಯಿತು. ಬ್ರಿಲ್ಲಿನ ಜನ ಬಂದು, ‘ನಮ್ಮ ಊರಿಗೂ ತನ್ನಿರಿ, ನಮ್ಮನ್ನೂ ಕೂರಿಸಿಕೊಳ್ಳಿರಿ’ ಎಂದು ಕೇಳಿಕೊಂಡರು. ಕೇಳಿಕೆಗೆ ಡ್ಯೂಕನು ಒಪ್ಪಿದನು. 1872ರಲ್ಲಿ ರೈಲು ಬ್ರಿಲ್ ಮುಟ್ಟಿತು, ಪ್ರಯಾಣಿಕರ ಗಾಡಿಯೂ ಓಡತೊಡಗಿತು.

ಓಡಿತು ಎಂದರೆ ಅತಿಶಯೋಕ್ತಿಯಾದೀತು. ಆ ವರ್ಷ ತರಿಸಿದ ಏವ್ಲಿಂಗ್ ಅಂಡ್ ಪೋರ್ಟರ್ ಕಂಪೆನಿಯ ಉಗಿಯಂತ್ರಗಳು ಹೊಲದ ಕೆಲಸಕ್ಕೆ ಬಳಸುವ ಯಂತ್ರದ ಮಾದರಿಯವು. ದೊಡ್ಡ ಗಾಲಿಯೊಂದು ಸರಪಣಿಯ ಮೂಲಕ ಚಕ್ರಗಳನ್ನು ತಿರುಗಿಸುತ್ತಿತ್ತು. ವೇಗ ಗಂಟೆಗೆ 8 ಮೈಲಿ ಮೀರುತ್ತಿರಲಿಲ್ಲ. ಆರು ಮೈಲಿಯಷ್ಟು ದಾರಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತಿತ್ತು. ನಮ್ಮ ಕಡೆಯ ಒಳ್ಳೆಯ ಜೋಡೆತ್ತಿನ ಸವಾರಿ ಬಂಡಿಯು ಅದರ ಸಮಕ್ಕೆ ಓಡುತ್ತಿತ್ತು ಎಂದರೆ ತಪ್ಪಾಗದು. ಆದರೂ ಅದರಿಂದ ಬಡವರಿಗೆ ಉಪಕಾರವಾಯಿತು. ಹಾಲು ಲಂಡನ್ನಿಗೆ ಹೋಯಿತು, ಅಲ್ಲಿಂದ ಹೊಲಕ್ಕೆ ಗೊಬ್ಬರ ಬಂದಿತು, ಒಲೆಗೆ ಕಲ್ಲಿದ್ದಲು ಬಂದಿತು. 1874ರಲ್ಲಿ ರಾತ್‌ಚೈಲ್ಡ್ ಮನೆತನದ ಫರ್ಡಿನೆಂಡನು ಸಮೀಪದ ವ್ಯಾಡ್ಸ್‌ಡನ್ ಗುಡ್ಡದ ಮೇಲೆ ತನ್ನ ಭವ್ಯಸೌಧವನ್ನು ಕಟ್ಟಿಸಲು ಆರಂಭಿಸಿದಾಗ ಅದರ ಕಲ್ಲು, ಇಟ್ಟಿಗೆ, ಮರಮುಟ್ಟುಗಳು ಬಂದುದು ಈ ಬಡ ರೈಲಿನ ಮೇಲೆಯೇ.

ಗವರ್ನರನಾಗಿ ಮದರಾಸಿಗೆ

1875ರ ನವೆಂಬರಿನಲ್ಲಿ ಡ್ಯೂಕನು ಮದರಾಸಿನ ಗವರ್ನರನಾಗಿ ಅಧಿಕಾರ ವಹಿಸಿಕೊಂಡನು. ಮರುವರ್ಷವೇ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಬಳ್ಳಾರಿ, ಕರ್ನೂಲು, ಕಡಪ ಜಿಲ್ಲೆಗಳಲ್ಲಿ, ಪಕ್ಕದ ಮೈಸೂರು ಸಂಸ್ಥಾನದಲ್ಲಿ, ಮುಂಬಯಿ ಪ್ರಾಂತದ ಧಾರವಾಡ, ಕಲಾದಗಿ ಸೀಮೆಗಳಲ್ಲಿ ಬರ ಬಿದ್ದಿತು. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರದಲ್ಲಿ ಉಲ್ಬಣಿಸಿದುದರಿಂದ ನಮ್ಮವರು ಅದಕ್ಕೆ ಆ ಹೆಸರಿಟ್ಟರು. ಅದರ ಕ್ರೌರ್ಯವನ್ನು ಮೈಸೂರು ಸಂಸ್ಥಾನದ ಜನಗಣತಿಯೊಂದರಿಂದಲೇ ಊಹಿಸಬಹುದು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿತು ಎಂದರೆ ಪ್ರತಿ ಆರು ಜನರಲ್ಲಿ ಒಬ್ಬರ ಸ್ಥಾನ ಬರಿದಾಯಿತು ಎಂದರ್ಥ.

ನಮ್ಮ ಹಿರಿಯರು ಬಳ್ಳಾರಿ ಸೀಮೆಯವರು. ನಮ್ಮ ಅಜ್ಜಿ ಆ ಬರವನ್ನು ಕಂಡವರಲ್ಲ, ತಮ್ಮ ಅತ್ತೆಯ ಬಾಯಿಂದ ಕೇಳಿದವರು. ಮೊರದಲ್ಲಿ ಉಳಿದ ನುಚ್ಚನ್ನು ಚೆಲ್ಲಗೊಡುತ್ತಿರಲಿಲ್ಲ. ಜೋಳದ ಹಗೇವು ತೆಗೆಯುವ ದಿನ ಮೊದಲ ಬೊಗಸೆಯನ್ನು ಬಾಗಿಲಿಗೆ ಬಂದವರಿಗೆ ಹಾಕಿದ ಹೊರತು ಒಲೆ ಹೊತ್ತಿಸುತ್ತಿರಲಿಲ್ಲ. ಏಕೆಂದು ಕೇಳಿದರೆ, ‘ಒಂದು ಕಾಲಕ್ಕೆ ಹಗೇವು ಇದ್ದವರೂ ಬಾಗಿಲು ಕಾಯ್ದಾರ, ತಮ್ಮಾ’ ಎನ್ನುತ್ತಿದ್ದರು. ಆ ಮಾತಿನ ತೂಕ ನಮಗೆ ಬಾಲ್ಯದಲ್ಲಿ ತಿಳಿಯಲಿಲ್ಲ.

ಡ್ಯೂಕನ ಸರ್ಕಾರವು ಆರಂಭದಲ್ಲಿ ಮಾಡಿದ ಕೆಲಸವೊಂದನ್ನು ನೆನೆಯಲೇಬೇಕು. 1876ರಲ್ಲಿ ಅದು ಗುಟ್ಟಾಗಿ 30,000 ಟನ್ ಧಾನ್ಯವನ್ನು ಕೊಂಡು ಸಂಗ್ರಹಿಸಿತು. ಇದು ವೈಸರಾಯ್ ಲಾರ್ಡ್ ಲಿಟ್ಟನ್ನನ ಸರ್ಕಾರಕ್ಕೆ ಸರಿಬರಲಿಲ್ಲ. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ಏರಿದರೆ ಧಾನ್ಯ ತಾನಾಗಿ ಹರಿದು ಬರುತ್ತದೆ ಎಂಬುದು ಅವರ ಸಿದ್ಧಾಂತ. ಧಾನ್ಯವೇನೋ ಬಂದಿತು; ಬಳ್ಳಾರಿಗೆ ಆಗಲೇ ರೈಲೂ ಬಂದಿತ್ತು. ಆದರೆ ಬಂದ ಧಾನ್ಯವನ್ನು ಕೊಳ್ಳುವುದಕ್ಕೆ ಮಳೆಯಿಲ್ಲದ ರೈತನ ಕೈಯಲ್ಲಿ, ಮಗ್ಗ ನಿಂತ ನೇಕಾರನ ಕೈಯಲ್ಲಿ ಕಾಸಿರಲಿಲ್ಲ. ರೈಲು ಹೊರೆಯನ್ನು ಹೊರಬಲ್ಲುದು. ಹಸಿದವನ ಕೈಗೆ ದುಡ್ಡನ್ನು ಕೊಡಲಾರದು.

1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಪ್ರಾಂತದಲ್ಲಿ ಜನ ಸಾಯುತ್ತಿರುವಾಗ ಮದರಾಸಿನ ಗವರ್ನರನೂ ಅಲ್ಲಿಗೆ ಹೋಗಬೇಕಾಯಿತು. ಅದರ ಬೆನ್ನಿಗೇ ವೈಸರಾಯನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕ್ಷಾಮದ ಖರ್ಚು ಹತೋಟಿಗೆ ತರಲು ದಕ್ಷಿಣಕ್ಕೆ ಕಳುಹಿಸಿದನು. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಅಲ್ಪ ಕಾಸಿಗೆ ಇಳಿಸಲಾಯಿತು. ಒಂದು ಪೌಂಡು ಎಂದರೆ ನಮ್ಮ ಇಂದಿನ ಲೆಕ್ಕದಲ್ಲಿ 450 ಗ್ರಾಮಿನಷ್ಟು. ದಿನವೆಲ್ಲ ಮಣ್ಣು ಅಗೆದು ಕಲ್ಲು ಹೊರುವ ಆಳು ಇಷ್ಟರಲ್ಲಿ ಬದುಕಲಾರನೆಂದು ಮದರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಬಲವಾಗಿ ವಿರೋಧಿಸಿದನು. ಕೆಲವು ತಿಂಗಳ ಮೇಲೆ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಆ ಕೆಲವು ತಿಂಗಳಲ್ಲಿ ಹೋದ ಜೀವಗಳು ಹಿಂದಿರುಗಲಿಲ್ಲ.

1877ರ ಆಗಸ್ಟಿನಲ್ಲಿ ಡ್ಯೂಕನು ವೈಸರಾಯನ ಮುನಿಸನ್ನು ಲೆಕ್ಕಿಸದೆ ನೇರವಾಗಿ ಇಂಗ್ಲೆಂಡಿನ ಜನತೆಗೆ ಮೊರೆಯಿಟ್ಟನು. ಲಂಡನ್ನಿನ ಮೇಯರನ ಮ್ಯಾನ್ಷನ್ ಹೌಸಿನಲ್ಲಿ ನಿಧಿ ತೆರೆಯಲಾಯಿತು. ಆರು ಲಕ್ಷ ಪೌಂಡುಗಳಿಗೂ ಹೆಚ್ಚು ಹಣ ಕೂಡಿತು. ರೈತರಿಗೆ ಬೀಜ, ಎತ್ತು, ಬಿದ್ದ ಮನೆಗೆ ಸೂರು, ನೇಕಾರರಿಗೆ ನೂಲು ಎಂದು ಆ ಹಣ ಹಂಚಿಕೆಯಾಯಿತು. ಮದರಾಸಿನಲ್ಲಿ ಕೂವಂ ಮತ್ತು ಅಡ್ಯಾರು ನದಿಗಳನ್ನು ಕೂಡಿಸುವ ಸುಮಾರು 8 ಕಿಲೋಮೀಟರ್ ಕಾಲುವೆಯನ್ನು ಕ್ಷಾಮಪೀಡಿತರಿಂದಲೇ ತೋಡಿಸಲಾಯಿತು. ಕರಾವಳಿಯ ಆ ಕಾಲುವೆಗೆ ಬಕಿಂಗ್‌ಹ್ಯಾಮ್ ಕಾಲುವೆ ಎಂದು ಹೆಸರಾಯಿತು. ತೋಡಿದವರ ಹೆಸರು ಎಲ್ಲಿಯೂ ಇಲ್ಲ.

ಹೀಗೆ ನೋಡಿದರೆ ಡ್ಯೂಕನನ್ನು ರಾಕ್ಷಸನೆನ್ನಲಾಗದು. ಕರುಣಾಳುವೆಂದು ಹೊಗಳಿ ಬಿಡಲೂ ಆಗದು. ಬ್ರಿಲ್ಲಿನಲ್ಲಿ ಅವನು ತನ್ನ ಭೂಮಿಗೆ ತಾನೇ ಒಡೆಯನಾಗಿದ್ದನು. ಜನ ಎದುರಿಗೆ ಬಂದು ಕೇಳಿದರು, ಅವನು ಕೊಟ್ಟನು. ಮದರಾಸಿನಲ್ಲಿ ಅವನು ಮೇಲಿನವರ ಆಜ್ಞೆಗೆ ಬದ್ಧನಾದ ಅಧಿಕಾರಿ. ಬಳ್ಳಾರಿಯ ಕೂಲಿಯವನು ಅವನೆದುರು ನಿಂತು ಕೇಳುವ ಸಾಧ್ಯತೆಯೇ ಇರಲಿಲ್ಲ. ಆಳುವವನು ಒಳ್ಳೆಯವನಾದರೆ ಸಾಲದು, ಆಳಿಸಿಕೊಳ್ಳುವವನ ದನಿ ಅವನ ಕಿವಿಗೆ ಬೀಳುವ ದಾರಿಯೂ ಇರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಬರದ ಪೆಟ್ಟಿನಿಂದ ಸರ್ಕಾರವೂ ಸ್ವಲ್ಪ ಪಾಠ ಕಲಿಯಿತು. ಕ್ಷಾಮದ ಕಾಲದಲ್ಲಿ ಆರಂಭವಾದ ಬೆಂಗಳೂರು-ಮೈಸೂರು ರೈಲುದಾರಿ 1882ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು ಕ್ಷಾಮ ನಿವಾರಣೆಯ ಉದ್ದೇಶದಿಂದಲೇ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನು ಕೂಡಿಸಿತು. ನಾವು ಇಂದು ಮದುವೆ ಮುಂಜಿಗೆ, ಜಾತ್ರೆಗೆ ಓಡಾಡುವ ಆ ಕಂಬಿಗಳು ಹಸಿವಿನ ನೆನಪಿನ ಮೇಲೆ ಹಾಸಿದವು ಎಂಬುದನ್ನು ಎಷ್ಟು ಜನ ಬಲ್ಲರು?

ಮಹಾನಗರದ ತುದಿ

1880ರ ಕೊನೆಯಲ್ಲಿ ಡ್ಯೂಕನು ಮದರಾಸು ಬಿಟ್ಟನು, 1889ರಲ್ಲಿ ತೀರಿಕೊಂಡನು. ಗಂಡುಮಕ್ಕಳಿಲ್ಲದುದರಿಂದ ಡ್ಯೂಕ್ ಪದವಿಯೂ ಅವನೊಡನೆ ಅಳಿಯಿತು. ಅವನ ಸಣ್ಣ ರೈಲನ್ನು ಆಕ್ಸ್‌ಫರ್ಡ್ ವಿದ್ಯಾನಗರದವರೆಗೆ ಬೆಳೆಸಬೇಕೆಂದು ಒಂದು ಕಂಪೆನಿ ಹುಟ್ಟಿತು. ಆಕ್ಸ್‌ಫರ್ಡ್ ಮುಟ್ಟಲಿಲ್ಲ, ಹಳೆಯ ಕಂಬಿಗಳು ಮಾತ್ರ ಭದ್ರವಾದವು.

ಅತ್ತ ಮೆಟ್ರೊಪಾಲಿಟನ್ ಕಂಪೆನಿಯ ಅಧ್ಯಕ್ಷ ಎಡ್ವರ್ಡ್ ವಾಟ್ಕಿನ್ನನ ಮನಸ್ಸಿನಲ್ಲಿ ಬೇರೊಂದು ಹಂಬಲವಿತ್ತು. ಮ್ಯಾಂಚೆಸ್ಟರಿನಿಂದ ಲಂಡನ್ ಮೂಲಕ, ಸಮುದ್ರದಡಿಯ ಸುರಂಗದಲ್ಲಿ ಪ್ಯಾರಿಸ್ ವರೆಗೆ ತನ್ನ ರೈಲು ಓಡಬೇಕೆಂಬ ಹಂಬಲ. ಅದಕ್ಕಾಗಿ ಅವನು ಉತ್ತರದ ಕಡೆಗೆ ಕಂಬಿಗಳನ್ನು ಚಾಚುತ್ತ ಹೋದನು. 1892ರಲ್ಲಿ ಮೆಟ್ರೊಪಾಲಿಟನ್ ರೈಲು ಐಲ್ಸ್‌ಬರಿಗೆ ಬಂದಿತು. 1899ರ ಡಿಸೆಂಬರ್ 1ರಿಂದ ಬ್ರಿಲ್ಲಿನ ಕವಲುದಾರಿಯನ್ನೂ ಆ ಕಂಪೆನಿಯೇ ಗುತ್ತಿಗೆಗೆ ಹಿಡಿದು ನಡೆಸತೊಡಗಿತು. ಹೀಗೆ ಕುದುರೆ ಎಳೆಯುವುದಕ್ಕೆಂದು ಹಾಸಿದ ಹೊಲದ ರೈಲು ಜಗತ್ತಿನ ಮೊದಲ ಮೆಟ್ರೋದ ಅಂಗವಾಯಿತು. ಲಂಡನ್ನಿನ ಸುರಂಗಗಳಲ್ಲಿ ದುಡಿದು, ವಿದ್ಯುತ್ತು ಬಂದ ಮೇಲೆ ಕೆಲಸ ಕಳೆದುಕೊಂಡ ಹಳೆಯ ಉಗಿಯಂತ್ರಗಳಲ್ಲಿ ಕೆಲವು ಇಲ್ಲಿಗೆ ಬಂದವು. ಅವುಗಳಲ್ಲಿ 1866ರಲ್ಲಿ ತಯಾರಾದ 23ನೆಯ ಸಂಖ್ಯೆಯ ಯಂತ್ರವನ್ನು ಇಂದಿಗೂ ಲಂಡನ್ ಸಾರಿಗೆ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಮೆಟ್ರೊಪಾಲಿಟನ್ ಕಂಪೆನಿಗೆ ಇತರರಿಗಿಲ್ಲದ ಒಂದು ಅನುಕೂಲವಿತ್ತು. ರೈಲಿಗೆ ಬೇಕಾಗದೆ ಉಳಿದ ಭೂಮಿಯನ್ನು ಮಾರದೆ ತಾನೇ ಇಟ್ಟುಕೊಂಡು ಮನೆಗಳನ್ನು ಕಟ್ಟಿಸುವ ಹಕ್ಕು ಅದಕ್ಕಿತ್ತು. 1915ರಲ್ಲಿ ‘ಮೆಟ್ರೋಲ್ಯಾಂಡ್’ ಎಂಬ ಹೊಸ ಹೆಸರನ್ನೇ ಹುಟ್ಟಿಸಿ, ವರ್ಷವರ್ಷವೂ ಕೈಪಿಡಿ ಅಚ್ಚು ಹಾಕಿಸಿ, ‘ಹಳ್ಳಿಯ ಗಾಳಿಯಲ್ಲಿ ವಾಸಿಸಿರಿ, ಪಟ್ಟಣದಲ್ಲಿ ಕೆಲಸ ಮಾಡಿರಿ’ ಎಂಬ ಧಾಟಿಯಲ್ಲಿ ಜನರನ್ನು ಕರೆಯಿತು. ವೆಂಬ್ಲಿ, ಪಿನ್ನರ್, ರಿಕ್‌ಮನ್ಸ್‌ವರ್ತ್ ಕಡೆಗಳಲ್ಲಿ ಸಾಲುಸಾಲಾಗಿ ಮನೆಗಳೆದ್ದವು. ರೈಲು ಮೊದಲು, ಬಡಾವಣೆ ಆಮೇಲೆ, ಬಡಾವಣೆಯಿಂದ ರೈಲಿಗೆ ಪ್ರಯಾಣಿಕರು: ಇದು ಆ ವ್ಯಾಪಾರದ ಮರ್ಮ. ಬ್ರಿಲ್ ಮಾತ್ರ ಬಹಳ ದೂರ. ನಿತ್ಯ ಲಂಡನ್ನಿಗೆ ಹೋಗಿಬರುವವರಾರೂ ಅಲ್ಲಿ ಮನೆ ಕಟ್ಟಲಿಲ್ಲ. ಉಪನಗರದ ಅಲೆ ಆ ಗುಡ್ಡದ ಬುಡವನ್ನು ಮುಟ್ಟುವ ಮೊದಲೇ ನಿಂತುಹೋಯಿತು.

ಕೊನೆಯ ರಾತ್ರಿ

1910ರಲ್ಲಿ ಗ್ರೇಟ್ ವೆಸ್ಟರ್ನ್ ಕಂಪೆನಿಯು ಲಂಡನ್ನಿಗೆ ನೇರವಾದ ವೇಗದ ಮಾರ್ಗವೊಂದನ್ನು ಇದೇ ಸೀಮೆಯಲ್ಲಿ ತೆರೆದು ‘ಬ್ರಿಲ್ ಅಂಡ್ ಲಡ್ಗರ್ಶಲ್’ ಎಂಬ ನಿಲ್ದಾಣ ಕಟ್ಟಿತು. ಅವಸರವುಳ್ಳವರು ಅತ್ತ ತಿರುಗಿದರು. ಮೊದಲನೆಯ ಮಹಾಯುದ್ಧದ ತರುವಾಯ ಬಸ್ಸು ಬಂದಿತು, ಲಾರಿ ಬಂದಿತು. ಹಾಲಿನ ಕ್ಯಾನುಗಳು ಹಟ್ಟಿಯ ಬಾಗಿಲಿನಿಂದಲೇ ಲಾರಿ ಹತ್ತಿದವು. 1933ರ ಜುಲೈ 1ರಂದು ಲಂಡನ್ನಿನ ಭೂಗರ್ಭ ರೈಲು, ಟ್ರಾಮು, ಬಸ್ಸುಗಳೆಲ್ಲ ಲಂಡನ್ ಪ್ರಯಾಣಿಕ ಸಾರಿಗೆ ಮಂಡಳಿ ಎಂಬ ಒಂದೇ ಸಂಸ್ಥೆಯ ಕೈಗೆ ಬಂದವು. ಅದರ ಮುಖ್ಯ ಕಾರ್ಯನಿರ್ವಾಹಕ ಫ್ರಾಂಕ್ ಪಿಕ್ ದಕ್ಷನಾದ ಆಡಳಿತಗಾರ. ಲಂಡನ್ನಿಗರ ಓಡಾಟವೇ ಅವನ ಗುರಿ. ಐಲ್ಸ್‌ಬರಿಯಿಂದಾಚೆಯ ಹಳ್ಳಿಗಾಡಿನ ಮಾರ್ಗಗಳು ಅವನ ಲೆಕ್ಕದಲ್ಲಿ ನಷ್ಟದ ಬಾಬು. ಎರಡೂವರೆ ವರ್ಷದೊಳಗೆ ಬ್ರಿಲ್ಲಿನ ತೀರ್ಮಾನವಾಯಿತು.

1935ರ ನವೆಂಬರ್ 30 ಶನಿವಾರ. ಎಂದೂ ಕಾಣದಷ್ಟು ಜನ ಆ ದಿನ ರೈಲಿಗೆ ಬಂದರು. ಖಾಲಿ ಓಡುತ್ತಿದ್ದ ಗಾಡಿಗೆ ಕೊನೆಯ ದಿನ ಜಾಗವಿಲ್ಲವಾಯಿತು. ರಾತ್ರಿಯ ಕೊನೆಯ ಗಾಡಿ ಬ್ರಿಲ್ ಬಿಟ್ಟು, ವುಡ್ ಸೈಡಿಂಗ್, ವಾಟನ್, ವೆಸ್ಟ್‌ಕಾಟ್, ವ್ಯಾಡ್ಸ್‌ಡನ್ ರೋಡ್ ಎಂಬ ನಾಲ್ಕು ನಿಲ್ದಾಣಗಳಲ್ಲಿಯೂ ನಿಂತು, ಅಲ್ಲಿಯ ಸಿಬ್ಬಂದಿಯನ್ನೂ ಕಾಗದಪತ್ರಗಳನ್ನೂ ಏರಿಸಿಕೊಂಡು ಮುಂದೆ ಸಾಗಿತು. ಮನೆ ಖಾಲಿ ಮಾಡುವಾಗ ಕೋಣೆ ಕೋಣೆಯ ದೀಪ ಆರಿಸುತ್ತ ಹೊರಬರುವಂತೆ ಆ ಗಾಡಿ ಕ್ವೇನ್ಟನ್ ರೋಡ್ ಸೇರಿತು. 1936ರಲ್ಲಿ ಕಂಬಿ, ತೊಲೆಗಳೆಲ್ಲ ಹರಾಜಾದವು. 1848ರ ಹರಾಜಿನ ಅವಮಾನವನ್ನು ಅಳಿಸಲೆಂದು ದುಡಿದವನ ರೈಲೂ ಕಡೆಗೆ ಹರಾಜಿನಲ್ಲಿಯೇ ಮುಗಿಯಿತು.

ಈಗ ಉಳಿದಿರುವುದು

ಕ್ವೇನ್ಟನ್ ರೋಡ್ ನಿಲ್ದಾಣ ಇಂದು ಬಕಿಂಗ್‌ಹ್ಯಾಮ್‌ಶೈರ್ ರೈಲ್ವೆ ಕೇಂದ್ರವೆಂಬ ವಸ್ತುಸಂಗ್ರಹಾಲಯವಾಗಿದೆ. ರೈಲಿನ ಅಭಿಮಾನಿಗಳು 1969ರಲ್ಲಿ ಸಂಘ ಕಟ್ಟಿಕೊಂಡು ಹಳೆಯ ಯಂತ್ರಗಳನ್ನೂ ಡಬ್ಬಿಗಳನ್ನೂ ಕೂಡಿಹಾಕಿ ಕಾಪಾಡುತ್ತ ಬಂದಿದ್ದಾರೆ. ಎಣ್ಣೆ ಮೆತ್ತಿದ ಅಂಗಿಯ ವೃದ್ಧರೊಬ್ಬರು ಸಂಬಳವಿಲ್ಲದೆ ಅಲ್ಲಿ ದುಡಿಯುತ್ತಿದ್ದರು. ನಾವು ಬಂದ ಕಾರಣ ತಿಳಿಸಿದೆವು. ಡ್ಯೂಕನು ಮದರಾಸಿನಲ್ಲಿದ್ದನೆಂಬುದು ಅವರಿಗೆ ಗೊತ್ತಿತ್ತು. ಬರದ ವಿಷಯ ಗೊತ್ತಿರಲಿಲ್ಲ. ಮೈಸೂರಿನ ಜನಗಣತಿಯ ಅಂಕಿಗಳನ್ನು ಹೇಳಿದಾಗ ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ‘ನಾವು ಇಂಜಿನ್ನುಗಳ ಲೆಕ್ಕ ಇಟ್ಟೆವು, ಜನರದನ್ನು ಇಡಲಿಲ್ಲ’ ಎಂದರು. ಅವರ ಆ ಮಾತು ನಮಗೂ ಅನ್ವಯಿಸುತ್ತದೆ ಎಂದು ನಮಗೆ ತೋರಿತು.

ವೆಸ್ಟ್‌ಕಾಟ್ ನಿಲ್ದಾಣದ ಪುಟ್ಟ ಕಟ್ಟಡ ಉಳಿದಿದೆ. ಅದರ ಸಮೀಪದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ನಿಲ್ದಾಣವಾಗಿ, 1946ರಿಂದ ರಾಕೆಟ್ಟುಗಳ ಸಂಶೋಧನೆ ನಡೆಯಿತು. ಗಂಟೆಗೆ 8 ಮೈಲಿ ಮೀರದ ಯಂತ್ರ ಏದುಸಿರು ಬಿಟ್ಟ ಬಯಲಿನಲ್ಲಿ ರಾಕೆಟ್ಟು ಗರ್ಜಿಸಿತು. ಈಗ ಅದೇ ಸೀಮೆಯಲ್ಲಿ ಹೊಸ ಅತಿವೇಗದ ರೈಲುದಾರಿಯ ಕೆಲಸ ನಡೆದಿದೆ. ಬ್ರಿಲ್ ನಿಲ್ದಾಣವಿದ್ದ ಕಡೆ ಮಾತ್ರ ಗುರುತು ಹಿಡಿಯುವಂಥದು ಏನೂ ಇಲ್ಲ. ಹುಲ್ಲು, ಬೇಲಿ, ಗಾಳಿ. ನಮ್ಮ ಹುಡುಗ ಹೇಳಿದುದು ನಿಜವೇ ಆಗಿತ್ತು.

ಆದರೂ ಅಲ್ಲಿ ನಿಂತಾಗ ಒಂದು ವಿಚಾರ ಸ್ಪಷ್ಟವಾಯಿತು. ರೈಲು, ರಸ್ತೆ, ಕಾಲುವೆಗಳೆಂಬ ಸಾರ್ವಜನಿಕ ಕಾರ್ಯಗಳಿಗೆ ಎರಡು ಬಗೆಯ ಲೆಕ್ಕವುಂಟು. ಒಂದು ಲಾಭನಷ್ಟದ ಲೆಕ್ಕ. ಅದರಲ್ಲಿ ಬ್ರಿಲ್ ಸೋತಿತು, ಸೋಲಲೇಬೇಕಾಗಿತ್ತು. ಇನ್ನೊಂದು, ಅದು ಯಾರ ಹೊರೆಯನ್ನು ಇಳಿಸಿತು ಎಂಬ ಲೆಕ್ಕ; ಅದರಲ್ಲಿ ಆ ಬಡ ರೈಲು 63 ವರ್ಷ ಗೆದ್ದಿತು. ಕ್ಷಾಮದಲ್ಲಿ ನಮ್ಮ ನಾಡನ್ನು ಆಳಿದವರು ಮೊದಲನೆಯ ಲೆಕ್ಕವನ್ನೇ ಹಿಡಿದರು. ಎರಡನೆಯದನ್ನು ಹಿಡಿದಿದ್ದರೆ ನಮ್ಮ ಎಷ್ಟು ಮನೆಗಳ ವಂಶವೃಕ್ಷದಲ್ಲಿ ಕಡಿದುಹೋದ ಕೊಂಬೆಗಳು ಇಂದು ಚಿಗುರಿರುತ್ತಿದ್ದವೋ!

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಇಂಗ್ಲೆಂಡಿಗೆ ಮಕ್ಕಳ ಮನೆಗೆ ಹೋಗುವವರು ಅನುಕೂಲವಾದರೆ ಒಂದು ದಿನ ಈ ಗುಡ್ಡಕ್ಕೆ ಹೋಗಿಬರಲಿ. ಹೋಗಲಾಗದವರು ತಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ಧಾತು ಈಶ್ವರ ಬರದ ಬಗ್ಗೆ ಅವರ ಹಿರಿಯರು ಏನು ಹೇಳುತ್ತಿದ್ದರು, ಯಾವ ಊರಿನಿಂದ ಯಾವ ಊರಿಗೆ ವಲಸೆ ಬಂದರು, ಯಾರು ಬರಲಿಲ್ಲ ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಕಂಬಿಗಳನ್ನು ಕಿತ್ತರೂ ಬ್ರಿಲ್ಲಿನ ಕಥೆ ಉಳಿದುದು ಯಾರೋ ಬರೆದಿಟ್ಟುದರಿಂದ. ನಮ್ಮವರ ಕಥೆಯನ್ನು ನಾವಲ್ಲದೆ ಬೇರಾರು ಬರೆದಿಟ್ಟಾರು?